ಕತ್ತರಿ ಮಾರ್ಕು

ನಮ್ಮ ತಾತ ಅರಸೀಕೆರೆ ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತರಾಗಿದ್ದರು. ಸೇದುತ್ತಿದ್ದದ್ದು ಕತ್ತರಿ ಮಾರ್ಕಿನ ಸಿಗರೇಟು. ಖಾಲಿಯಾದ ಪ್ಯಾಕನ್ನು ಎಸೆಯುವ ಅಭ್ಯಾಸ ಅವರಿಗಿರಲಿಲ್ಲ. ಅಂಟು ಬಿಡಿಸಿ, ಮಡಿಕೆ ಸವರಿ, ಒಳಮೈಯಲ್ಲಿ ಹಾಲಿನವನ ಲೆಕ್ಕ ಬರೆದಿಡುತ್ತಿದ್ದರು. ಹಾಗಾಗಿ ನಮ್ಮ ಮನೆಯ ಹಾಲಿನ ಲೆಕ್ಕಕ್ಕೂ ಹೊಗೆಸೊಪ್ಪಿನ ವಾಸನೆ. ಪ್ಯಾಕಿನ ಮೇಲಿದ್ದ ಕತ್ತರಿಯನ್ನು ನಾನು ಸ್ಲೇಟಿನ ಮೇಲೆ ಬರೆದು ಒರೆಸಿ, ಬರೆದು ಒರೆಸಿ ಆಡುತ್ತಿದ್ದೆ.

ಆ ಕತ್ತರಿ ಮತ್ತೆ ಎದುರಾದದ್ದು ನನಗೆ ನಲವತ್ತು ದಾಟಿದ ಮೇಲೆ, ಕೋಲ್ಕತಾದಲ್ಲಿ, ನಮ್ಮ ಕೆಳಮನೆಯ ಮೇಶೋಮಶಾಯ್ ತಂದಿಟ್ಟ ಒಂದು ಹಳೆಯ ಆಲ್ಬಮ್ಮಿನಲ್ಲಿ. ಮೇಶೋಮಶಾಯ್ ಅಂದರೆ ಬಂಗಾಳಿಯಲ್ಲಿ ಅಮ್ಮನ ಅಕ್ಕ-ತಂಗಿಯರ ಗಂಡ. ಅವರ ಹೆಂಡತಿ ಮಾಶಿಮಾ. ಈ ಊರಿನಲ್ಲಿ ನೆರೆಯ ಹಿರಿಯರನ್ನು ಹೀಗೆ ಯಾವುದಾದರೊಂದು ಸಂಬಂಧ ಹಚ್ಚಿಯೇ ಕರೆಯುತ್ತಾರೆ. ಲೇಕ್ ಮಾರ್ಕೆಟ್ಟಿನ ಹತ್ತಿರ ನಾವು ಬಾಡಿಗೆಗೆ ಬಂದು ಒಂಬತ್ತು ವರ್ಷವಾಯಿತು. ಕಾಫಿಪುಡಿಯೂ ಬಾಳೆಯೆಲೆಯೂ ಕಾಲ್ನಡಿಗೆಯ ದೂರದಲ್ಲಿ ಸಿಗುತ್ತವೆ ಎಂಬ ಒಂದೇ ಕಾರಣಕ್ಕೆ ಹೆಂಡತಿ ಈ ಮನೆ ಒಪ್ಪಿದ್ದು. ನನ್ನ ಆಫೀಸು ಊರಿನ ಇನ್ನೊಂದು ತುದಿ, ಸಾಲ್ಟ್ ಲೇಕಿನ ಸೆಕ್ಟರ್ ಐದರಲ್ಲಿ. ಮೇಶೋಮಶಾಯ್‌ಗೆ ಎಪ್ಪತ್ತೆಂಟು. ರೈಲ್ವೆಯಲ್ಲಿದ್ದು ನಿವೃತ್ತರಾದವರು, ತಾತನೂ ರೈಲ್ವೆಯವರೆಂದು ತಿಳಿದ ದಿನದಿಂದ ನನ್ನನ್ನು ಅರ್ಧ ಮನೆಯವನನ್ನಾಗಿ ಮಾಡಿಕೊಂಡರು. ಅವರ ಮಗ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿದ್ದಾನೆ. "ನಿನ್ನನ್ನು ಅಲ್ಲಿಂದ ಇಲ್ಲಿಗೆ, ಅವನನ್ನು ಇಲ್ಲಿಂದ ಅಲ್ಲಿಗೆ ಕಳಿಸಿದವನು ಯಾವನೋ, ಅವನಿಗೆ ಗೂಡ್ಸ್ ಕ್ಲರ್ಕಿನ ಕೆಲಸ ಕೊಡಬಾರದು" ಎಂದು ನಗುತ್ತಿದ್ದರು.

ಅವರು ಆಲ್ಬಮ್ಮನ್ನು ನನ್ನ ಹತ್ತಿರ ತಂದದ್ದಕ್ಕೆ ಕಾರಣ ನನ್ನ ಹುಚ್ಚು. ಅದು ಹತ್ತಿದ್ದು 2009ರಲ್ಲಿ, ಕಂಪನಿ ನನ್ನನ್ನು ಎಂಟು ತಿಂಗಳಿಗೆ ಫ್ಲಾರಿಡಾದ ಟ್ಯಾಂಪಾಕ್ಕೆ ಕಳಿಸಿದಾಗ. ಆ ಊರಿನ ಈಬೋರ್ ಸಿಟಿ ಎಂಬ ಬಡಾವಣೆ 1880ರ ದಶಕದಲ್ಲಿ ಚುಟ್ಟಾ ಕಾರ್ಖಾನೆಗಳ ಸುತ್ತ ಬೆಳೆದದ್ದು. ಕ್ಯೂಬಾದಿಂದ ಬಂದು ನೆಲೆಸಿದವರು ಅಲ್ಲಿ ತುಂಬ. ನನ್ನ ಟೀಮಿನಲ್ಲಿದ್ದ ಒಬ್ಬನ ಅಜ್ಜನೂ ಹಾಗೆ ಬಂದವನು. ಒಂದು ಭಾನುವಾರ ಊಟಕ್ಕೆ ಕರೆದವನು ಬಿಸ್ಕತ್ತಿನ ಡಬ್ಬಿ ತೆರೆದು ಅಜ್ಜನ ಬೇಸ್‌ಬಾಲ್ ಕಾರ್ಡುಗಳನ್ನು ತೋರಿಸಿದ. ಬೆರಳೆರಡರ ಅಗಲದ ರಟ್ಟಿನ ತುಂಡುಗಳು. ಬಿಲಿಕೆನ್, ಅಗಿಲಿಟಾಸ್ ಎಂಬ ಕ್ಯೂಬಾದ ಸಿಗರೇಟುಗಳ ಜೊತೆ 1923ರಿಂದ 25ರವರೆಗೆ ಬಂದಂಥವು. ನನಗೆ ಬೇಸ್‌ಬಾಲಿನ ಗಂಧಗಾಳಿ ಇಲ್ಲ. ಆದರೆ ಅವನು ಹೇಳಿದ ಒಂದು ಮಾತು ಕೊರೆಯಿತು. ಅಮೆರಿಕದ ದೊಡ್ಡ ಲೀಗುಗಳಲ್ಲಿ 1947ರಲ್ಲಿ ಜಾಕಿ ರಾಬಿನ್ಸನ್ ಬರುವವರೆಗೆ ಕಪ್ಪು ಆಟಗಾರರಿಗೆ ಜಾಗವಿರಲಿಲ್ಲ. ಅವರಲ್ಲಿ ಹಲವರು ಚಳಿಗಾಲದಲ್ಲಿ ಕ್ಯೂಬಾಕ್ಕೆ ಹೋಗಿ ಆಡುತ್ತಿದ್ದರು. ಆಸ್ಕರ್ ಚಾರ್ಲ್ಸ್‌ಟನ್‌ನಂಥ ಮಹಾ ಆಟಗಾರ ಆಡುತ್ತಿದ್ದ ಕಾಲದಲ್ಲೇ ಕಾರ್ಡಿನ ಮೇಲೆ ಕಾಣಿಸಿಕೊಂಡದ್ದು ಕ್ಯೂಬಾದ ಸಿಗರೇಟಿನ ದೆಸೆಯಿಂದ. ಹುಟ್ಟಿದ ದೇಶದ ಕಂಪನಿಗಳು ಅಚ್ಚು ಹಾಕದ ಮುಖಗಳನ್ನು ಪಕ್ಕದ ದ್ವೀಪದ ಕಂಪನಿಗಳು ಅಚ್ಚು ಹಾಕಿದವು. ಆ ಕಾರ್ಡುಗಳಿಗೆ ಈಗ ಬಂಗಾರದ ಬೆಲೆ. ಬೆಲೆ ಇರುವಲ್ಲಿ ನಕಲೂ ಇರುತ್ತದೆ. ಅಸಲು ಯಾವುದು ಎಂದು ನೋಡಲು ಅವನು ನನ್ನ ಕೈಗೆ ಒಂದು ಭೂತಗನ್ನಡಿ ಕೊಟ್ಟ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ವಾಚ್ ರಿಪೇರಿಯವರ ಬಳಿ ಇರುವಂಥದ್ದು. ಊರಿಗೆ ಬರುವಾಗ ಅಂಥದ್ದೇ ಒಂದನ್ನು ಕೊಂಡು ತಂದೆ.

ಕೋಲ್ಕತಾಕ್ಕೆ ಬಂದ ಮೇಲೆ ನನಗೆ ಅರ್ಥವಾದದ್ದೇನೆಂದರೆ, ಸಿಗರೇಟು ಕಾರ್ಡಿನ ಹುಚ್ಚಿನವನು ಬಂದು ಸೇರಬೇಕಾದ ಊರೇ ಇದು. ಇಂಪೀರಿಯಲ್ ಟೊಬ್ಯಾಕೊ ಕಂಪನಿ 1910ರಲ್ಲಿ ಹುಟ್ಟಿದ್ದು ಇಲ್ಲಿಯ ರಾಧಾಬಜಾರಿನ ಗಲ್ಲಿಯೊಂದರಲ್ಲಿ, ಬಾಡಿಗೆ ಆಫೀಸಿನಲ್ಲಿ. ಚೌರಂಗಿಯ ದೊಡ್ಡ ಕಟ್ಟಡ ಎದ್ದದ್ದು 1928ರಲ್ಲಿ. ಅದೇ ಇವತ್ತಿನ ಐಟಿಸಿ. ತಾತನ ಕತ್ತರಿ ಸಿಗರೇಟಿನ ಮೂಲಮನೆ ನಾನು ದಿನಾ ಬಸ್ಸಿನಲ್ಲಿ ದಾಟುವ ರಸ್ತೆಯಲ್ಲಿತ್ತು. ಜಿಪಿಓ ಸುತ್ತಿನ ಫುಟ್‌ಪಾತಿನಲ್ಲಿ ಸ್ಟಾಂಪು, ನಾಣ್ಯ ಮಾರುವವರ ಹತ್ತಿರ ರಜೆಯ ದಿನ ಕೂತು ಕೂತು, ಪಾಡಾದಲ್ಲಿ ನನಗೆ 'ಕಾರ್ಡು ನೋಡುವ ಮದ್ರಾಸಿ ಇಂಜಿನಿಯರ್' ಎಂಬ ಹೆಸರು ಬಂತು. ಕರ್ನಾಟಕ ಬೇರೆ, ಮದ್ರಾಸು ಬೇರೆ ಎಂದು ಹೇಳುವುದನ್ನು ನಾಲ್ಕನೇ ವರ್ಷಕ್ಕೆ ಬಿಟ್ಟುಬಿಟ್ಟಿದ್ದೆ.

ಕಳೆದ ವರ್ಷ ಜುಲೈ ಮೊದಲ ವಾರ. ಮಳೆಗೆ ಕರೆಂಟು ಹೋಗಿತ್ತು. ಮೇಶೋಮಶಾಯ್ ಛತ್ರಿ ಮಡಿಸಿ ಮೂಲೆಗಿಟ್ಟು, ಪ್ಲಾಸ್ಟಿಕ್ ಚೀಲದೊಳಗಿನ ಬಟ್ಟೆ ಬಿಚ್ಚಿ ಆಲ್ಬಮ್ ತೆಗೆದರು. ಅವರ ತಂದೆಯದು. ತಂದೆ 1911ರಲ್ಲಿ ಬಾಗ್‌ಬಜಾರಿನ ಹನ್ನೊಂದು ವರ್ಷದ ಹುಡುಗ. ಮೇಶೋಮಶಾಯ್ ಅವರಿಗೆ ತಡವಾಗಿ ಹುಟ್ಟಿದ ಕೊನೆಯ ಮಗ.

ಮೊದಲ ಪುಟಗಳಲ್ಲೇ ನಮ್ಮ ಕತ್ತರಿ ಕಂಡಿತು. ಸಿಗರೇಟಿನ ಕಾಗದದ ಪ್ಯಾಕು ಮುದುಡದಿರಲೆಂದು ಒಳಗೆ ರಟ್ಟಿನ ತುಂಡು ಇಡುತ್ತಿದ್ದರು. ಆ ರಟ್ಟಿನ ಮೇಲೆ ಚಿತ್ರ ಅಚ್ಚು ಹಾಕಿದರೆ ಜನ ಸೆಟ್ ಪೂರ್ತಿ ಮಾಡಲು ಅದೇ ಸಿಗರೇಟು ಕೊಳ್ಳುತ್ತಾರೆ ಎಂದು ವ್ಯಾಪಾರಿಗಳಿಗೆ ಹೊಳೆಯಿತು. ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲಿ ಐವತ್ತು ಕ್ರಿಕೆಟಿಗರ ಸೆಟ್ ತಂದಿತ್ತು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರ ಬಾಯಿಗೆ ಹತ್ತಿದ್ದ ಅದರ ಕತ್ತರಿ ಬ್ರಾಂಡಿನಲ್ಲೂ ಸಾಲುಸಾಲು ಸೆಟ್‌ಗಳು ಬಂದವು: 1907ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳ ಬಣ್ಣದ ಅಂಗಿಗಳು, ಆಮೇಲೆ ಬಾಕ್ಸರುಗಳು, ಭಾರತದ ಪಲ್ಟಣಗಳು, ಗವರ್ನರ್ ಜನರಲ್‌ಗಳು. ಬಾಗ್‌ಬಜಾರಿನ ಹುಡುಗ ದೊಡ್ಡವರ ಪ್ಯಾಕುಗಳಿಂದ, ರಸ್ತೆಯಿಂದ ಅವನ್ನು ಆಯ್ದು ಮೈದಾಹಿಟ್ಟಿನ ಅಂಟು ಹಚ್ಚಿ ಸಾಲಾಗಿ ಅಂಟಿಸಿದ್ದ. ನಲವತ್ತಮೂರು ಕಾರ್ಡು. ಮೂಲೆ ಸವೆದಿವೆ, ಕೆಲವಕ್ಕೆ ಜಿರಲೆ ಬಾಯಿ ಹಾಕಿದೆ.

ಕೊನೆಯ ಪುಟ ಬೇರೆ ಥರ ಇತ್ತು. ಪೆನ್ಸಿಲಿನಲ್ಲಿ ಎಳೆದ ಹನ್ನೊಂದು ಚೌಕ. ಹತ್ತರಲ್ಲಿ ಮಕ್ಕಳ ಗೀಚಾಟ. ಕೈಕಾಲು ಕಡ್ಡಿಯಂತಿರುವ ಮನುಷ್ಯರು. ಹನ್ನೊಂದನೆಯದರಲ್ಲಿ, ನಾಲ್ಕು ಮೂಲೆಗೆ ಫೋಟೋ ಕಾರ್ನರ್ ಸಿಕ್ಕಿಸಿ ಕೂಡಿಸಿದ ಒಂದೇ ಕಾರ್ಡು. ಅದರ ಮೇಲೆ ಮೀಸೆಯ ತೆಳ್ಳಗಿನ ಯುವಕ, ಕೆಳಗೆ ಇಂಗ್ಲಿಷಿನಲ್ಲಿ ಶಿಬದಾಸ್ ಭಾದುರಿ, ಐಎಫ್ಎ ಶೀಲ್ಡ್ ಗೆದ್ದವರು, 1911. ಹಿಂಬದಿಯಲ್ಲಿ ಕತ್ತರಿ.

ಕೋಲ್ಕತಾದಲ್ಲಿ ಒಂದು ವರ್ಷ ಇದ್ದವರಿಗೂ ಆ ಹೆಸರು ಗೊತ್ತಾಗುತ್ತದೆ. 1911ರ ಜುಲೈ 29ರಂದು ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1 ಗೋಲುಗಳಿಂದ ಸೋಲಿಸಿ ಶೀಲ್ಡ್ ಗೆದ್ದಿತು. ಗೆದ್ದ ಹನ್ನೊಂದು ಜನರಲ್ಲಿ ಹತ್ತು ಜನ ಬರಿಗಾಲಿನವರು. ಬೂಟು ಹಾಕಿದ್ದವರು ಸುಧೀರ್ ಚಟರ್ಜಿ ಒಬ್ಬರೇ. ಮೊದಲು ಗೋಲು ಹೊಡೆದದ್ದು ಸೈನಿಕರು. ಸಮ ಮಾಡಿದ್ದು ನಾಯಕ ಶಿಬದಾಸ್, ಗೆಲುವಿನ ಗೋಲು ಅಭಿಲಾಷ್ ಘೋಷ್. ಬಂಗಾಳ ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ಕಾಲ ಅದು. ಈ ಊರಿನವರಿಗೆ ಆ ಮ್ಯಾಚು ಒಂದು ಆಟವಾಗಿ ಮಾತ್ರ ನೆನಪಿನಲ್ಲಿಲ್ಲ. ಜುಲೈ 29 ಇಂದಿಗೂ ಮೋಹನ್ ಬಗಾನ್ ದಿನ.

"ಡೆಲ್ಲಿಯ ಒಬ್ಬ ಸಂಗ್ರಾಹಕ ಫೋನ್ ಮಾಡಿದ್ದ" ಎಂದರು ಮೇಶೋಮಶಾಯ್. "ಆ ಕಾಲದ್ದೇ ಹೌದು ಅಂತ ತಿಳಿದವರು ಒಂದು ಕಾಗದ ಬರೆದುಕೊಟ್ಟರೆ ಒಂದೂವರೆ ಲಕ್ಷ ಕೊಡ್ತಾನಂತೆ. ನೀನು ಎಂಟೆಕ್ ಓದಿದವನು. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಸಹಿ ಹಾಕಿದರೆ ಸಾಕು."

ದುಡ್ಡು ಯಾಕೆ ಬೇಕೆಂದು ನಾನು ಕೇಳಬೇಕಾಗಿರಲಿಲ್ಲ. ಮಾಶಿಮಾ ಆರು ತಿಂಗಳಿಂದ ಮೆಟ್ಟಿಲಿಳಿದಿಲ್ಲ. ಎರಡೂ ಮೊಣಕಾಲಿನ ಆಪರೇಷನ್ ಆಗಬೇಕು. ಪೆನ್ಷನ್ನಿನಲ್ಲಿ ಉಳಿಸಿದ್ದಕ್ಕೆ ಅಷ್ಟು ಸೇರಿದರೆ ಪೂಜೆಗೆ ಮುಂಚೆ ಮಾಡಿಸಬಹುದು. ಮಗನನ್ನು ಕೇಳಲು ಅವರಿಗೆ ಮನಸ್ಸಿಲ್ಲ. ಅವನ ಫ್ಲಾಟಿನ ಸಾಲದ ಕಂತು ಅವರಿಗೂ ಬಾಯಿಪಾಠವಾಗಿತ್ತು.

"ಒಂದು ವಾರ ಇಟ್ಟುಕೊಂಡು ನೋಡ್ತೀನಿ" ಎಂದೆ. ಅದು ಅಸಲಾಗಿರಲಿ ಎಂದು ನನ್ನಷ್ಟು ಆಸೆಪಟ್ಟವರು ಯಾರೂ ಇರಲಿಕ್ಕಿಲ್ಲ.

ಮೊದಲು ಭೂತಗನ್ನಡಿ. ಆ ಕಾಲದ ಬಣ್ಣದ ಕಾರ್ಡುಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸುತ್ತಿದ್ದರು. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲು. ನೆರಳು ಬೇಕಾದಲ್ಲಿ ಕುಶಲಕರ್ಮಿ ಕೈಯಿಂದಲೇ ಚುಕ್ಕೆ ಇಡುತ್ತಿದ್ದ, ಹಾಗಾಗಿ ಚುಕ್ಕೆಗಳು ಅಡ್ಡಾದಿಡ್ಡಿ, ಒಂದು ದಪ್ಪ ಒಂದು ಸಣ್ಣ; ಅಕ್ಷರಗಳು ಮಾತ್ರ ಅಚ್ಚುಕಟ್ಟು, ಅಂಚು ಗಟ್ಟಿ. ಆಲ್ಬಮ್ಮಿನ ಪಲ್ಟಣದ ಸಿಪಾಯಿಗಳ ಕೆನ್ನೆ ನೋಡಿದರೆ ರಂಗೋಲಿಪುಡಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ಈಚಿನ ಆಫ್‌ಸೆಟ್ ಮುದ್ರಣದಲ್ಲಿ ಹಾಗಲ್ಲ. ನಾಲ್ಕೇ ಬಣ್ಣದ ಚುಕ್ಕೆಗಳು ಅಳತೆಯಲ್ಲಿ ಕೂತು ಪುಟ್ಟ ಪುಟ್ಟ ಹೂವಿನ ಆಕಾರ ಮಾಡುತ್ತವೆ. ಶಿಬದಾಸರ ಕೆನ್ನೆಯಲ್ಲಿ ನನಗೆ ಹೂ ಕಂಡಿತು. ಅಕ್ಷರದ ಅಂಚಿನಲ್ಲೂ ಹೂ.

ಆಮೇಲೆ ನೇರಳಾತೀತ ಟಾರ್ಚು. ರಾತ್ರಿ ಊಟವಾದ ಮೇಲೆ ಮಗಳನ್ನು ಕರೆದುಕೊಂಡು ಸ್ಟೋರ್ ರೂಮಿನಲ್ಲಿ ದೀಪವಾರಿಸಿದೆ. ನಮ್ಮ ಅಮ್ಮಂದಿರು ಬಿಳಿ ಬಟ್ಟೆಗೆ ಟಿನೋಪಾಲ್ ಹಾಕುತ್ತಿದ್ದರಲ್ಲ, ಆ ಜಾತಿಯ ರಾಸಾಯನಿಕವನ್ನು ಕಾಗದ ಬೆಳ್ಳಗೆ ಕಾಣಲೆಂದು ಕಾರ್ಖಾನೆಗಳು ಬೆರೆಸಲು ಶುರುಮಾಡಿದ್ದು ಸುಮಾರು 1950ರಿಂದ ಈಚೆಗೆ. ಆ ಕಾಗದಕ್ಕೆ ಈ ಬೆಳಕು ಬಿದ್ದರೆ ನೀಲಿಯಾಗಿ ಹೊಳೆಯುತ್ತದೆ. ಹೊಳೆಯದಿದ್ದರೆ ಹಳೆಯದೇ ಎಂದು ಹೇಳಲಾಗದು, ಆ ರಾಸಾಯನಿಕ ಹಾಕದ ಕಾಗದ ಈಗಲೂ ಸಿಗುತ್ತದೆ. ಆದರೆ ಒಳಗಿಂದಲೇ ಹೊಳೆದರೆ 1911ರದಂತೂ ಅಲ್ಲ. ನಲವತ್ತಮೂರು ಕಾರ್ಡುಗಳೂ ಮಂಕಾಗಿ, ಒಣ ಎಲೆಯ ಹಾಗೆ ಸುಮ್ಮನಿದ್ದವು. ಕೊನೆಯ ಪುಟ ತಿರುಗಿಸಿದಾಗ ಮಗಳು "ಅಪ್ಪಾ, ಇದು ಲೈಟ್ ಹಾಕಿದ ಹಾಗಿದೆ" ಎಂದಳು. ಶಿಬದಾಸರು ಮದುವೆಮನೆಯ ಆರ್ಕೆಸ್ಟ್ರಾದವರ ಅಂಗಿಯಂತೆ ಹೊಳೆಯುತ್ತಿದ್ದರು. ಮೇಲಿನ ಹಳದಿ ಬಣ್ಣ ಚಹಾದ ನೀರಿನದು.

ಮೂರನೆಯದು ಪಟ್ಟಿ. ಬ್ರಿಟನ್ನಿನಲ್ಲಿ 1938ರಲ್ಲೇ ಸಿಗರೇಟು ಕಾರ್ಡು ಸಂಗ್ರಾಹಕರ ಸಂಘ ಹುಟ್ಟಿತು; ವಿಲ್ಸ್ ಕಂಪನಿಯ ಸೆಟ್‌ಗಳಿಗೆ ಅವರು ಸಂಪುಟಗಳನ್ನೇ ಮಾಡಿದ್ದಾರೆ. ಅದರಲ್ಲಿ ಕತ್ತರಿ ಬ್ರಾಂಡಿನ ಕೆಳಗೆ ಇಂಗ್ಲೆಂಡಿನ ಕ್ಲಬ್ಬುಗಳ ಅಂಗಿ ಇದೆ, ಮೋಹನ್ ಬಗಾನ್ ಇಲ್ಲ. ಮುಖದ ಚಿತ್ರ ಎಲ್ಲಿಂದ ಬಂತೆಂದೂ ತಿಳಿಯಿತು. ಶೀಲ್ಡ್ ಗೆದ್ದ ತಂಡದ ಪ್ರಸಿದ್ಧ ಫೋಟೋದಿಂದ ಅದನ್ನು ಕತ್ತರಿಸಿ ಬಣ್ಣ ಹಾಕಿದ್ದರು.

ಮೂರು ಪರೀಕ್ಷೆ, ಮೂರರಲ್ಲೂ ಫೇಲು. ಆದರೂ ನಾನು ಆ ವಾರ ಕೆಳಮನೆಗೆ ಇಳಿಯಲಿಲ್ಲ. ಆಫೀಸಿನಿಂದ ಬಂದು ಮೆಟ್ಟಿಲು ಹತ್ತುವಾಗ ಸದ್ದಾಗದಂತೆ ಹತ್ತುತ್ತಿದ್ದೆ.

ನಿಜ ಹೇಳಬೇಕೆಂದರೆ, ನನಗೆ ಸಹಿ ಹಾಕುವ ಆಸೆ ಬಂದಿತ್ತು. ಕೊಳ್ಳುವವನು ದುಡ್ಡಿದ್ದವನು. ಅವನಿಗೆ ಗಾಜಿನ ಚೌಕಟ್ಟಿನೊಳಗೆ ತೂಗುಹಾಕಲು ಒಂದು ಕಾರ್ಡು ಬೇಕು, ಇವರಿಗೆ ಮೊಣಕಾಲು ಬೇಕು. 'ನನ್ನ ತಿಳಿವಳಿಕೆಯ ಮಟ್ಟಿಗೆ', 'ಮೇಲ್ನೋಟಕ್ಕೆ' ಎಂಬ ಪದಗಳನ್ನು ಸೇರಿಸಿದರೆ ನಾಳೆ ಯಾರೂ ನನ್ನ ಕುತ್ತಿಗೆ ಹಿಡಿಯುವಂತಿಲ್ಲ. ಇಂಥ ವಾಕ್ಯ ಬರೆಯುವುದರಲ್ಲಿ ನನಗೆ ಇಪ್ಪತ್ತು ವರ್ಷದ ಅನುಭವವಿದೆ. ಪ್ರಾಜೆಕ್ಟ್ ಮ್ಯಾನೇಜರ್ ಅಂದರೆ ಇನ್ನೇನು?

ಆಗ ನೆನಪಾದದ್ದು ಪುರುಲಿಯಾದ ಹುಡುಗ. ಕೆಲವು ವರ್ಷಗಳ ಹಿಂದೆ ಒಂದು ಬ್ಯಾಂಕಿನ ಹಳೆಯ ಖಾತೆಗಳನ್ನು ಹೊಸ ಸಿಸ್ಟಮ್ಮಿಗೆ ಸಾಗಿಸುವ ಕೆಲಸ ನನ್ನ ಕೈಯಲ್ಲಿತ್ತು. ಶುಕ್ರವಾರ ರಾತ್ರಿ ಗಡುವು. ಎರಡೂ ಕಡೆಯ ಲೆಕ್ಕ ತಾಳೆ ನೋಡುವ ಕೊನೆಯ ಸುತ್ತು ಬಾಕಿ ಇತ್ತು. "ಸರ್, ಇನ್ನೊಂದು ದಿನ ಬೇಕು" ಎಂದು ಟೆಸ್ಟಿಂಗ್ ಹುಡುಗ ಮೇಲ್ ಹಾಕಿದ್ದ. ನಾನು ವರದಿಯಲ್ಲಿ ಆ ಸಾಲನ್ನು ಹಸಿರು ಮಾಡಿದೆ. ಸುಳ್ಳೆಂದು ಅನಿಸಲಿಲ್ಲ, ಅಂಚು ಸ್ವಲ್ಪ ಟ್ರಿಮ್ ಮಾಡಿದೆ ಅಷ್ಟೆ. ಸೋಮವಾರ ಲೆಕ್ಕ ತಪ್ಪಿತು. ತಪ್ಪಿನ ಮೂಲ ಹುಡುಕುವ ದಸ್ತಾವೇಜಿನಲ್ಲಿ 'ಪರೀಕ್ಷೆಯ ಹಂತದ ಲೋಪ' ಎಂದು ಬರೆದದ್ದು ನಾನೇ. ಹುಡುಗನನ್ನು ಪ್ರಾಜೆಕ್ಟಿನಿಂದ ತೆಗೆದರು, ಮೂರು ತಿಂಗಳಿಗೆ ಕೆಲಸವೂ ಹೋಯಿತು. ಅವನ ಮೇಲ್ ನನ್ನ ಇನ್‌ಬಾಕ್ಸಿನಲ್ಲಿ ಹಾಗೇ ಇತ್ತು. ನಾನು ಅದನ್ನು ಯಾರಿಗೂ ತೋರಿಸಲಿಲ್ಲ.

ಕಾರ್ಡಿನ ಲೋಕದಲ್ಲಿ ಟ್ರಿಮ್ ಎಂಬುದು ಬೈಗುಳ. ಅಮೆರಿಕದ ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಒಂದು ಸಿಗರೇಟು ಕಾರ್ಡು ಲೋಕಪ್ರಸಿದ್ಧ. ಅಸಲು ಕಾರ್ಡೇ. ಆದರೆ ಅಷ್ಟು ಹಳೆಯದಕ್ಕೆ ಅಷ್ಟು ಚೂಪಾದ ಮೂಲೆ ಹೇಗೆ ಎಂದು ಹಲವರಿಗೆ ಸಂಶಯವಿತ್ತು. 1991ರಲ್ಲಿ ಕಾರ್ಡುಗಳಿಗೆ ದರ್ಜೆ ಕೊಡುವ ಕಂಪನಿಯೊಂದು ತನ್ನ ಮೊದಲ ಕಾರ್ಡಾಗಿ ಅದಕ್ಕೇ ಹತ್ತಕ್ಕೆ ಎಂಟು ಕೊಟ್ಟಿತು. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಮಾರಾಟವಾಯಿತು. 2013ರಲ್ಲಿ ಅದನ್ನು ಹಿಂದೆ ಮಾರಿದ್ದ ಬಿಲ್ ಮ್ಯಾಸ್ಟ್ರೋ ಅಂಚು ಕತ್ತರಿಸಿದ್ದು ತಾನೇ ಎಂದು ಕೋರ್ಟಿನಲ್ಲಿ ಒಪ್ಪಿಕೊಂಡ. ಸವೆದ ಅಂಚು ಕಾರ್ಡು ಬದುಕಿದ್ದಕ್ಕೆ ಸಾಕ್ಷಿ. ಅದನ್ನು ಕತ್ತರಿಸಿದವನು ಕೊಳೆ ತೆಗೆದೆನೆಂದುಕೊಳ್ಳುತ್ತಾನೆ, ತೆಗೆದದ್ದು ಸಾಕ್ಷಿಯನ್ನು.

ಶನಿವಾರ ಬೆಳಿಗ್ಗೆ ಹೆಂಡತಿ ಕಾಫಿ ಲೋಟ ಇಡುತ್ತಾ, "ರೀ, ಆ ಮುದುಕರು ದಿನಾ ನೀವು ಮೆಟ್ಟಿಲು ಹತ್ತುವ ಹೊತ್ತಿಗೆ ಬಾಗಿಲು ತೆರೆದು ನಿಂತಿರ್ತಾರೆ. ಹೌದೋ ಅಲ್ಲವೋ, ಒಂದು ಹೇಳಿಬಿಡಿ" ಎಂದಳು.

ಹೇಳಿದೆ. ಅವರ ಮನೆಯ ಬಾತ್‌ರೂಮಿನ ಕತ್ತಲಲ್ಲಿ ಟಾರ್ಚು ಹಾಕಿ ತೋರಿಸಿದೆ. ಭೂತಗನ್ನಡಿ ಕೊಟ್ಟು ಹೂಗಳನ್ನು ತೋರಿಸಿದೆ. ಮೇಶೋಮಶಾಯ್ ಏನೂ ಹೇಳಲಿಲ್ಲ. ಒಳಕೋಣೆಯಿಂದ ಮಾಶಿಮಾ "ಏನಂತೆ?" ಎಂದು ಎರಡು ಸಲ ಕೇಳಿದರು. ಆಮೇಲೆ ಇವರು ನಿಧಾನವಾಗಿ, "ಹಾಗಾದರೆ ನನ್ನ ಬಾಬಾ ಸುಳ್ಳು ಹೇಳಿದರಾ?" ಎಂದರು.

ದುಡ್ಡಿನ ಮಾತು ಬರುತ್ತದೆಂದು ತಯಾರಾಗಿ ಹೋಗಿದ್ದೆ. ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. "ಬಾಬಾ ನಿಮಗೆ ಈ ಕಾರ್ಡು ತೋರಿಸಿ ಹೇಳಿದ್ದು ನೆನಪಿದೆಯಾ?" ಎಂದು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿದರು. ಬಾಬಾ ಹೇಳುತ್ತಿದ್ದದ್ದು ಮ್ಯಾಚಿನ ಕತೆ. ಮೈದಾನದಲ್ಲಿ ನೂಕುನುಗ್ಗಲು, ಚಿಕ್ಕಪ್ಪನ ಹೆಗಲ ಮೇಲೆ ಕೂತರೂ ಆಟ ಕಾಣದೆ, ಗೋಲಾದ ಸುದ್ದಿ ಗಾಳಿಪಟದ ಮೇಲೆ ಬರೆದು ಹಾರಿಸಿದ್ದನ್ನು ನೋಡಿದ ಕತೆ. ಕಾರ್ಡಿನ ಮಾತು ಹೇಳಿದವರು ಮೇಶೋಮಶಾಯ್‌ರ ದೊಡ್ಡಣ್ಣ. ಆಲ್ಬಮ್ ಇದ್ದದ್ದು ಅವರ ಹತ್ತಿರ. ಇವರು ಕೆಲಸದ ಮೇಲೆ ಖರಗ್‌ಪುರದಲ್ಲಿದ್ದರು. 1989ರಲ್ಲಿ ಕ್ಲಬ್ಬಿಗೆ ನೂರು ವರ್ಷ. ಅಂಚೆ ಇಲಾಖೆ ಸ್ಟಾಂಪು ತಂದಿತ್ತು, ಊರೆಲ್ಲ ಹಬ್ಬ, ಫುಟ್‌ಪಾತಿನಲ್ಲೆಲ್ಲ ಮೋಹನ್ ಬಗಾನಿನ ಚಿತ್ರ, ಬಿಲ್ಲೆ, ಕ್ಯಾಲೆಂಡರು. "ರಜಕ್ಕೆ ಬಂದಾಗ ದಾದಾ ಕುಣಿದಾಡುತ್ತಾ ಈ ಪುಟ ತೋರಿಸಿದ್ದ" ಎಂದರು. ಅಲ್ಲಿಗೆ ಇಬ್ಬರಿಗೂ ಅರ್ಥವಾಯಿತು.

ಆಗಲೇ ನನ್ನ ಕಣ್ಣು ಮತ್ತೆ ಆ ಪುಟದ ಮೇಲೆ ಹೋದದ್ದು. ಒಂದು ವಾರದಿಂದ ಆಲ್ಬಮ್ ನನ್ನ ಮೇಜಿನ ಮೇಲಿತ್ತು. ಒಂದು ಕಾರ್ಡನ್ನು ನೂರು ಸಲ ನೋಡಿದ್ದೆ, ಪಕ್ಕದ ಹತ್ತು ಚೌಕಗಳನ್ನು ಒಂದು ಸಲವೂ ನೋಡಿರಲಿಲ್ಲ. ಗೀಚಾಟ ಎಂದು ಬಿಟ್ಟಿದ್ದೆ. ಮೇಶೋಮಶಾಯ್ ಕೂಡ ಹಾಗೇ ಅಂದುಕೊಂಡಿದ್ದರು, ಮನೆಯ ಯಾವುದೋ ಮಗುವಿನ ಕೈಚಳಕ ಎಂದು. ಒಂದೊಂದು ಚೌಕದ ಕೆಳಗೂ ಮಾಸಿದ ಪೆನ್ಸಿಲಿನಲ್ಲಿ ಬಂಗಾಳಿ ಅಕ್ಷರ. ನನ್ನ ಮಗಳು ಸ್ಕೂಲಿನಲ್ಲಿ ಬಂಗಾಳಿ ಓದುತ್ತಾಳೆ, ಅವಳನ್ನು ಕೂಗಿ ಕರೆದೆವು. ಅವಳು ಬೆರಳಿಟ್ಟು ಒಂದೊಂದೇ ಓದಿದಳು. ಹೀರಾಲಾಲ್. ಭೂತಿ. ಸುಧೀರ್. ಮನಮೋಹನ್. ರಾಜೇನ್. ನೀಲಮಾಧವ. ಕಾನು. ಹಾಬುಲ್. ಅಭಿಲಾಷ್. ಬಿಜಯದಾಸ್.

ಮೇಶೋಮಶಾಯ್ ಅವಳಿಗಿಂತ ಮುಂದೆ ಮುಂದೆ ಹೇಳುತ್ತಿದ್ದರು, ಸ್ತೋತ್ರ ಹೇಳುವವರ ಹಾಗೆ. ಅವು 1911ರ ತಂಡದ ಹೆಸರುಗಳು.

ಫೋಟೋ ಕಾರ್ನರಿನಿಂದ ಕಾರ್ಡನ್ನು ಮೆಲ್ಲಗೆ ಜಾರಿಸಿದೆ. ಕೆಳಗೆ ಹನ್ನೊಂದನೆಯ ಚೌಕ, ಹನ್ನೊಂದನೆಯ ಕಡ್ಡಿ ಮನುಷ್ಯ; ಕಾಲಿನ ಹತ್ತಿರ ಒಂದು ಉರುಟು ಚೆಂಡು. ಹೆಸರು ಶಿಬದಾಸ್. ಮೂವತ್ತೈದು ವರ್ಷ ಮುಚ್ಚಿಕೊಂಡಿದ್ದರಿಂದ ಅವನೊಬ್ಬನ ಪೆನ್ಸಿಲು ಮಾತ್ರ ಕಪ್ಪಾಗಿ ಉಳಿದಿತ್ತು.

"ಇವನ ಕಾಲು ನೋಡಿ" ಎಂದಳು ಮಗಳು. ಹತ್ತು ಜನರ ಪಾದಕ್ಕೆ ಐದೈದು ಗೆರೆ ಎಳೆದು ಬೆರಳು ಮಾಡಿದ್ದ ಹುಡುಗ. ಸುಧೀರ್ ಚಟರ್ಜಿಯ ಪಾದಕ್ಕೆ ಮಾತ್ರ ಬೆರಳಿಲ್ಲ, ಒತ್ತಿ ಒತ್ತಿ ಕಪ್ಪು ತುಂಬಿದ್ದ. ಬೂಟು.

ಆ ಹುಡುಗನ ಆಲ್ಬಮ್ಮಿನಲ್ಲಿ ಇಂಗ್ಲೆಂಡಿನ ಕ್ಲಬ್ಬುಗಳ ಅಂಗಿಗಳಿದ್ದವು. ತನ್ನ ಊರಿನಲ್ಲೇ ಸೈನಿಕರ ತಂಡವನ್ನು ಸೋಲಿಸಿದವರ ಕಾರ್ಡು ಯಾವ ಪ್ಯಾಕಿನಿಂದಲೂ ಬೀಳಲಿಲ್ಲ. ಸಿಪಾಯಿಗಳ ಜೇಬಿಗೆಂದು ಮಾಡಿದ ಸಿಗರೇಟು ಅದು, ಅವರನ್ನು ಸೋಲಿಸಿದವರನ್ನು ಅದರೊಳಗೆ ಯಾಕೆ ಇಟ್ಟಾರು? ಚಾರ್ಲ್ಸ್‌ಟನ್‌ಗೆ ಕ್ಯೂಬಾದ ಕಂಪನಿ ಇತ್ತು. ಈ ಹನ್ನೊಂದು ಜನಕ್ಕೆ ಇದ್ದದ್ದು ಬಾಗ್‌ಬಜಾರಿನ ಒಬ್ಬ ಹುಡುಗ, ಒಂದು ಪೆನ್ಸಿಲು.

"ಇದಕ್ಕೆ ಬರೆದುಕೊಡ್ತೀಯಾ?" ಎಂದರು ಮೇಶೋಮಶಾಯ್, ಕಣ್ಣೊರೆಸಿಕೊಂಡು.

ಕಷ್ಟವಾದರೂ ಹೇಳಿದೆ. ಪೆನ್ಸಿಲಿನ ಗೆರೆಗೆ ತಾರೀಕು ಕಟ್ಟಲು ನನಗೆ ಬರುವುದಿಲ್ಲ. ಆಲ್ಬಮ್ಮಿನ ಕಾಗದ ಹೊಳೆಯಲಿಲ್ಲ, ಉಳಿದ ಕಾರ್ಡುಗಳು ಆ ಕಾಲದವು, ಕೈಬರಹ ನಿಮ್ಮ ತಂದೆಯದೆಂದು ನೀವು ಗುರುತಿಸುತ್ತೀರಿ. ಇಷ್ಟನ್ನು ಬರೆಯಬಲ್ಲೆ. ಇಷ್ಟಕ್ಕೇ ಸಹಿ ಹಾಕಬಲ್ಲೆ. ಅವರು ತಲೆಯಾಡಿಸಿದರು. ಡೆಲ್ಲಿಯವನಿಗೆ ಫೋನಿನಲ್ಲಿ ಅಷ್ಟನ್ನೇ ಹೇಳಿದರಂತೆ. ಮಕ್ಕಳ ಚಿತ್ರ ನನಗೆ ಬೇಡ ಎಂದನಂತೆ ಅವನು.

ಆಮೇಲೆ ಒಂದು ತಿಂಗಳು ಮೇಶೋಮಶಾಯ್ ನಮ್ಮ ಮನೆಗೆ ಚಹಾಕ್ಕೆ ಬರಲಿಲ್ಲ. ಅವರಿಗೆ ಕೋಪವೋ ನಾಚಿಕೆಯೋ ನಾನು ಕೇಳಲಿಲ್ಲ. ಪೂಜೆಗೆ ಮುಂಚೆ ಆಪರೇಷನ್ ಆಗಲಿಲ್ಲ. ಆ ವರ್ಷ ಮಾಶಿಮಾ ಅಷ್ಟಮಿಯ ಅಂಜಲಿಗೆ ಮಂಟಪಕ್ಕೆ ಹೋಗದೆ ಕಿಟಕಿಯಲ್ಲಿ ಕೂತು ಢಾಕಿನ ಸದ್ದು ಕೇಳಿದರು. ಮೆಟ್ಟಿಲು ಇಳಿಯುವಾಗ ಆ ಕಿಟಕಿಯ ಕಡೆ ನೋಡದಿರುವುದು ನನಗೆ ಸಾಧ್ಯವಾಗಲಿಲ್ಲ. ಡಿಸೆಂಬರಿನಲ್ಲಿ ವೈಟ್‌ಫೀಲ್ಡಿನಿಂದ ಮಗ ಬಂದ, ವಿಷಯ ತಿಳಿದು ಅಪ್ಪನ ಜೊತೆ ಜಗಳವಾಡಿದ, ಸಾಲ ಮಾಡಿ ಒಂದು ಕಾಲಿನದು ಮಾಡಿಸಿ ಹೋದ. ಇನ್ನೊಂದು ಬಾಕಿ ಇದೆ. ಮಾಶಿಮಾ ಈಗ ಕೋಲು ಹಿಡಿದು ಗೇಟಿನವರೆಗೆ ಬರುತ್ತಾರೆ.

ಈ ಜುಲೈ 29ರಂದು ಮೇಶೋಮಶಾಯ್ ನಮ್ಮನ್ನು ಊಟಕ್ಕೆ ಕರೆದರು. ಮೋಹನ್ ಬಗಾನಿನವರ ಮನೆಯಲ್ಲಿ ಆ ದಿನ ಸಿಗಡಿ ಆಗಲೇಬೇಕು. ನಾವು ಸಸ್ಯಾಹಾರಿಗಳೆಂದು ನಮಗೆ ಪಟೋಲ್ ಮಾಡಿಸಿದ್ದರು. ಊಟದ ನಂತರ ಆಲ್ಬಮ್ ತಂದರು. ಕೊನೆಯ ಪುಟದಲ್ಲಿ ಹನ್ನೊಂದು ಜನರೂ ತೆರೆದ ಬೆಳಕಿಗೆ ನಿಂತಿದ್ದರು. ಕಾರ್ಡು ರಟ್ಟಿನ ಒಳಬದಿಯ ಲಕೋಟೆಗೆ ಸೇರಿತ್ತು. ಲಕೋಟೆಯ ಮೇಲೆ ರೈಲ್ವೆ ರಸೀದಿಯ ದುಂಡು ಅಕ್ಷರದಲ್ಲಿ ಅವರೇ ಬರೆದಿದ್ದರು: 'ನಕಲು. ದಾದಾ ತಂದದ್ದು, 1989. ಪ್ರೀತಿಯಿಂದ ತಂದದ್ದು.'

ಆ ರಾತ್ರಿ ನಾನು ಪುರುಲಿಯಾದ ಹುಡುಗನಿಗೆ ಬರೆದೆ. ಅವನ ಹಳೆಯ ಮೇಲ್ ಬಂದ ತಾರೀಕು, ಗಂಟೆ, ನಾನು ವರದಿಯಲ್ಲಿ ಬದಲಾಯಿಸಿದ ಸಾಲು, ದಸ್ತಾವೇಜಿನಲ್ಲಿ ಬರೆದ ವಾಕ್ಯ, ಎಲ್ಲ. ಅವನಿಗೆ ಎಲ್ಲಾದರೂ ಬೇಕಾದರೆ ಇದನ್ನು ತೋರಿಸಬಹುದು ಎಂದೂ ಬರೆದೆ. 'ನನ್ನ ತಿಳಿವಳಿಕೆಯ ಮಟ್ಟಿಗೆ' ಎಂಬ ಪದ ಎರಡು ಸಲ ತಾನಾಗಿ ಬಂತು, ಎರಡು ಸಲವೂ ಅಳಿಸಿದೆ. ಉತ್ತರ ಬಂದಿಲ್ಲ. ಬರಬೇಕೆಂದೂ ಇಲ್ಲ.

ತಾತನ ಕತ್ತರಿ ಪ್ಯಾಕುಗಳಲ್ಲಿ ಒಂದೂ ಉಳಿದಿಲ್ಲ. ಅರಸೀಕೆರೆ ಮನೆ ಮಾರುವಾಗ ಟ್ರಂಕಿನ ಕಾಗದಗಳೆಲ್ಲ ನೀರೊಲೆಗೆ ಹೋದವು. ಅವುಗಳ ಒಳಮೈ ಮಾತ್ರ ನನಗೆ ಚೆನ್ನಾಗಿ ನೆನಪಿದೆ. ದಿನಕ್ಕೊಂದು ಸಾಲು. ಅರ್ಧ ಸೇರು, ಅರ್ಧ ಸೇರು, ಪಾವು. ಹಾಲು ಬಾರದ ದಿನ ತಾತ ಜಾಗ ಖಾಲಿ ಬಿಡುತ್ತಿರಲಿಲ್ಲ, ಮುಂದಿನ ದಿನದ್ದನ್ನು ಮೇಲಕ್ಕೆ ಎಳೆಯುತ್ತಲೂ ಇರಲಿಲ್ಲ. 'ಬಂದಿಲ್ಲ' ಎಂದು ಬರೆಯುತ್ತಿದ್ದರು.